ಅಮೆರಿಕದಲ್ಲಿ ನಿವೃತ್ತರು ಮೆಡಿಗ್ಯಾಪ್ ಪಾಲಿಸಿಯನ್ನು ಯಾವಾಗ ಬೇಕಾದರೂ ಬದಲಿಸಬಹುದೇ?

ಅರ್ಜಿ ಯಾವಾಗ ಬೇಕಾದರೂ ಹಾಕಬಹುದು. ಕಂಪನಿ ಒಪ್ಪಲೇಬೇಕು ಅಂತೇನಿಲ್ಲ.

ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಕೊಟ್ಟು ಮಿಕ್ಕ ಖರ್ಚಿಗೆ ಇರುವ ಖಾಸಗಿ ವಿಮೆಯೇ ಮೆಡಿಗ್ಯಾಪ್. 65 ತುಂಬಿ ಪಾರ್ಟ್ ಬಿ (ವೈದ್ಯರ ಭೇಟಿ, ಹೊರರೋಗಿ ಚಿಕಿತ್ಸೆಗಿರುವ ಮೆಡಿಕೇರ್ ಭಾಗ) ಶುರುವಾದ ತಿಂಗಳಿಂದ 6 ತಿಂಗಳು ಯಾವ ಕಂಪನಿಯೂ ಆರೋಗ್ಯದ ನೆಪ ಹೇಳಿ ನಿರಾಕರಿಸುವಂತಿಲ್ಲ. ಆಮೇಲೆ, ಕೆಲವು ವಿನಾಯಿತಿ ಬಿಟ್ಟರೆ, ಬಹುತೇಕ ರಾಜ್ಯಗಳಲ್ಲಿ ನಿಮ್ಮ ಸಕ್ಕರೆ ಕಾಯಿಲೆ, ಹಾಕಿಸಿಕೊಂಡ ಸ್ಟೆಂಟ್ ಎಲ್ಲವನ್ನೂ ಕೆದಕಬಹುದು. ಕಾಯಿಲೆ ಬಿದ್ದ ಮೇಲೆ ಎಲ್ಲರೂ ದೊಡ್ಡ ಪ್ಲ್ಯಾನ್‌ಗೆ ಜಿಗಿದರೆ ಪ್ರೀಮಿಯಂ ಲೆಕ್ಕ ತಲೆಕೆಳಗಾಗುತ್ತದೆ ಎಂಬ ಭಯ ಅವರಿಗೆ. ನ್ಯೂಯಾರ್ಕ್‌ನಲ್ಲಿ ಈ ಕಾಟವಿಲ್ಲ.

ಪ್ರತಿವರ್ಷ ಅಕ್ಟೋಬರ್ 15ರಿಂದ ಡಿಸೆಂಬರ್ 7ರವರೆಗೆ ಮೆಡಿಕೇರ್ ಪ್ಲ್ಯಾನ್ ಬದಲಿಸಲು ಸಿಗುವ ಅವಧಿ ಮೆಡಿಗ್ಯಾಪ್‌ಗಲ್ಲ. ಬಹಳ ಜನ ಎಡವುವುದು ಇಲ್ಲೇ.

ಹೊಸ ಪಾಲಿಸಿ ಕೈಸೇರುವ ತನಕ ಹಳೆಯದನ್ನು ಬಿಡಬೇಡಿ. ಪರೀಕ್ಷಿಸಿ ನೋಡಲು 30 ದಿನ ಸಿಗುತ್ತದೆ, ಆ ತಿಂಗಳು ಎರಡಕ್ಕೂ ಪ್ರೀಮಿಯಂ ಕಟ್ಟಬೇಕು.