ಒಳ್ಳೆ ಸಿನಿಮಾ ಸೋತಾಗ

ಪ್ರಶ್ನೆ: ಆಸ್ಕರ್‌ನ ಯಾವ ತೀರ್ಪು ನಿಮಗೆ ಈಗಲೂ ಒಪ್ಪಿಗೆ ಇಲ್ಲ?

ಉತ್ತರ: 2006ರದ್ದು. ಇಬ್ಬರು ಗಂಡಸರ ಪ್ರೇಮಕಥೆ ‘ಬ್ರೋಕ್‌ಬ್ಯಾಕ್ ಮೌಂಟನ್’ಗಾಗಿ ಆಂಗ್ ಲೀ ಅತ್ಯುತ್ತಮ ನಿರ್ದೇಶಕರಾದರು. ಅತ್ಯುತ್ತಮ ಚಿತ್ರವೂ ಅದೇ ಅಂತ ತುಂಬಾ ಜನ ಅಂದುಕೊಂಡಿದ್ದರು. ಆ ಪ್ರಶಸ್ತಿ ಘೋಷಿಸಲು ಬಂದ ನಟ ಜಾಕ್ ನಿಕೋಲ್ಸನ್ ಕವರ್ ತೆರೆದು ‘ಕ್ರ್ಯಾಶ್’ ಅಂದರು. ಅವರಿಗೇ ಆಶ್ಚರ್ಯ, ಮುಖದಲ್ಲೇ ಕಾಣುತ್ತಿತ್ತು. ‘ಕ್ರ್ಯಾಶ್’ ಹೇಳಬೇಕಾದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತದೆ. ‘ಬ್ರೋಕ್‌ಬ್ಯಾಕ್’ ಹಾಗಲ್ಲ. ಒಂದರೊಳಗೊಂದು ನೇತುಹಾಕಿದ ಎರಡು ಶರ್ಟ್, ಒಂದು ತನ್ನದು, ಇನ್ನೊಂದು ಪ್ರಿಯಕರನದು, ಅವುಗಳ ಮುಂದೆ ನಾಯಕನಟ ಹೀತ್ ಲೆಡ್ಜರ್ ನಿಲ್ಲುತ್ತಾರೆ, ಇಪ್ಪತ್ತು ವರ್ಷದ ಪ್ರೀತಿ ಅಷ್ಟರಲ್ಲೇ ಅರ್ಥವಾಗುತ್ತದೆ. ಇಂಥದ್ದನ್ನು ಬಿಟ್ಟರಲ್ಲ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ನಟನ ಪ್ರಶಸ್ತಿಯೂ ಲೆಡ್ಜರ್‌ಗೆ ಬರಲಿಲ್ಲ. ಅದು ‘ಕಪೋಟಿ’ಯ ಫಿಲಿಪ್ ಸೀಮೋರ್ ಹಾಫ್‌ಮನ್ ಪಾಲಾಯಿತು. ಅದಕ್ಕೆ ಮಾತ್ರ ನನ್ನ ತಕರಾರಿಲ್ಲ, ಅಷ್ಟು ಚೆನ್ನಾಗಿ ಮಾಡಿದ್ದಾರೆ.