ಇಂಗ್ಲೆಂಡಿನಲ್ಲಿ ಮೊದಲ ಫ್ಲ್ಯಾಟ್ ಕೊಳ್ಳುತ್ತಿದ್ದೇವೆ, ಸಾಲಿಸಿಟರ್‌ನ ಹೇಗೆ ಆರಿಸೋದು?

ರೆಡಿಂಗ್‌ನಲ್ಲಿ 3.4 ಲಕ್ಷ ಪೌಂಡಿನ ಲೀಸ್‌ಹೋಲ್ಡ್ ಫ್ಲ್ಯಾಟ್ (ಜಾಗ ಇನ್ನೊಬ್ಬರದು, ಇಷ್ಟು ವರ್ಷ ಅಂತ ಹಕ್ಕು ನಿಮ್ಮದು) ನೋಡಿದ್ದೀರಿ. ಏಜೆಂಟ್ ತಾನು ಹೇಳಿದ ಸಾಲಿಸಿಟರ್‌ನನ್ನೇ (ಕೊಳ್ಳುವ ಕಾಗದಪತ್ರ ನೋಡುವ ವಕೀಲ) ಹಿಡಿಯಿರಿ ಅಂತ ಕೂತಿದ್ದಾನೆ. ಡೆಪಾಸಿಟ್‌ಗೆ ಬೇಕಾದ ಹಣದಲ್ಲಿ ಸ್ವಲ್ಪವನ್ನು ನಿಮ್ಮ ತಂದೆ ತುಮಕೂರಿನ ಸೈಟ್ ಮಾರಿ ಕಳಿಸುತ್ತಾರೆ. ನೀವು ಕೇಳಿರುವುದು ಸಾಲಿಸಿಟರ್ ಬಗ್ಗೆ. ಆದರೆ ನಿಮಗೆ ತೊಂದರೆ ಬಂದರೆ ಅದು ಆ ಸೈಟಿನ ಹಣದ ಕಡೆಯಿಂದ ಬರುವ ಸಾಧ್ಯತೆಯೇ ಜಾಸ್ತಿ. ನಾನು ವಕೀಲನಲ್ಲ. ಇಲ್ಲಿ ಮನೆ ಕೊಂಡವನು, ಗೆಳೆಯರು ಕೊಳ್ಳುವಾಗ ಅವರ ಕಾಗದಗಳನ್ನು ಕೂತು ಓದಿದವನು, ಅಷ್ಟೇ.

ಮೊದಲು ಏಜೆಂಟ್ ವಿಚಾರ ಮುಗಿಸೋಣ. ಅವನು ಒತ್ತಾಯ ಮಾಡುವಂತಿಲ್ಲ. ಗಿರಾಕಿ ಕಳಿಸಿದ್ದಕ್ಕೆ ಸಾಲಿಸಿಟರ್ ಕಡೆಯಿಂದ ಏಜೆಂಟರಿಗೆ ಕಮಿಷನ್ ಸಿಗುವುದು ಇಲ್ಲಿ ಮಾಮೂಲು. ಅವನ ಸೇವೆ ತಗೊಳ್ಳಲಿಲ್ಲ ಅಂತ ನಿಮ್ಮ ಆಫರನ್ನು ಮಾಲೀಕರಿಗೆ ತಲುಪಿಸದೆ ಇಟ್ಟುಕೊಳ್ಳುವ ಹಾಗೂ ಇಲ್ಲ. 'ನಮಗೆ ಬೇರೆಯವರು ಗೊತ್ತಿದ್ದಾರೆ' ಅಂತ ಒಂದು ಸಾಲಿನ ಇಮೇಲ್ ಹಾಕಿ ಸುಮ್ಮನಿರಿ.

ಮನೆ ಕೊಳ್ಳುವ ಕಾನೂನು ಕೆಲಸ ಮಾಡುವವರಲ್ಲಿ ಎರಡು ಬಗೆ. ಸಾಲಿಸಿಟರ್‌ಗಳು ಎಸ್‌ಆರ್‌ಎ (ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿ) ಕೆಳಗೆ ಬರುತ್ತಾರೆ, ಆಸ್ತಿ ವರ್ಗಾವಣೆಯ ಕೆಲಸಕ್ಕೇ ಪರವಾನಗಿ ಇರುವ ಲೈಸನ್ಸ್ಡ್ ಕನ್ವೇಯನ್ಸರ್‌ಗಳು ಸಿಎಲ್‌ಸಿ (ಕೌನ್ಸಿಲ್ ಫಾರ್ ಲೈಸನ್ಸ್ಡ್ ಕನ್ವೇಯನ್ಸರ್ಸ್) ಕೆಳಗೆ. ನಿಮ್ಮ ಫ್ಲ್ಯಾಟಿಗೆ ಇಬ್ಬರಲ್ಲಿ ಯಾರಾದರೂ ಆಗುತ್ತದೆ. ಹೆಸರು ಆಯಾ ಸಂಸ್ಥೆಯ ಪಟ್ಟಿಯಲ್ಲಿದೆಯೇ ಅಂತ ಆನ್‌ಲೈನ್‌ನಲ್ಲಿ ನೋಡಿ. ಆಮೇಲೆ ಫೋನ್ ಮಾಡಿ ಕೇಳಿ: ನನಗೆ ಸಾಲ ಕೊಡುವ ಬ್ಯಾಂಕಿನ ಪ್ಯಾನೆಲ್‌ನಲ್ಲಿ, ಅಂದರೆ ಬ್ಯಾಂಕ್ ಒಪ್ಪಿದ ವಕೀಲರ ಪಟ್ಟಿಯಲ್ಲಿ, ನೀವಿದ್ದೀರಾ? ಇಲ್ಲದಿದ್ದರೆ ಬ್ಯಾಂಕಿಗೆ ಇನ್ನೊಬ್ಬ ವಕೀಲ ಬೇಕಾಗುತ್ತಾನೆ, ಖರ್ಚೂ ಹೆಚ್ಚು, ದಿನವೂ ಹೆಚ್ಚು. ನನ್ನ ಫೈಲ್ ಯಾರು ನೋಡುತ್ತಾರೆ, ಅವರು ರಜೆ ಹಾಕಿದರೆ ಯಾರು? ಲೀಸ್‌ಹೋಲ್ಡ್ ಕೆಲಸ ದಿನಾ ಮಾಡುತ್ತೀರಾ? ವಿದೇಶದಿಂದ ಬರುವ ಗಿಫ್ಟ್ ಹಣ ಒಪ್ಪುತ್ತೀರಾ? ಈ ಕೊನೆಯ ಪ್ರಶ್ನೆಗೆ ಎರಡೂ ಕಡೆ ತೂಗಾಡಿದರೆ ಆ ಆಫೀಸು ಬಿಟ್ಟುಬಿಡಿ.

ಫೀಸು ತೀರಾ ಕಡಿಮೆ ಅಂದರೆ ನನಗೆ ಅನುಮಾನ. ಮೊದಲ ಪುಟದಲ್ಲಿ ಒಂದು ಮೊತ್ತ, ಕೆಳಗೆ ಲೀಸ್‌ಹೋಲ್ಡ್‌ಗೆ ಇಷ್ಟು, ಗಿಫ್ಟ್ ಹಣಕ್ಕೆ ಇಷ್ಟು, ಹಣ ಕಳಿಸಲು ಇಷ್ಟು ಅಂತ ಸೇರುತ್ತಾ ಹೋಗುತ್ತದೆ. ಎಲ್ಲ ಸೇರಿಸಿದ ಲೆಕ್ಕ ಬರಹದಲ್ಲಿ ತಗೊಳ್ಳಿ.

ಈಗ ತಂದೆಯವರ ಹಣ. ಹಣ ಎಲ್ಲಿಂದ ಬಂತು ಅಂತ ವಿಚಾರಿಸುವುದು ಇಲ್ಲಿನ ಸಾಲಿಸಿಟರ್‌ಗೆ ಕಾನೂನು ಹೊರಿಸಿದ ಕೆಲಸ. ಸೈಟ್ ಮಾರಿದ ಕ್ರಯಪತ್ರ, ತಂದೆಯ ಬ್ಯಾಂಕ್ ಸ್ಟೇಟ್‌ಮೆಂಟ್, ಅವರ ಗುರುತಿನ ದಾಖಲೆ, 'ಇದು ಸಾಲವಲ್ಲ, ಮನೆಯಲ್ಲಿ ನನಗೆ ಪಾಲು ಬೇಡ' ಅನ್ನುವ ಗಿಫ್ಟ್ ಪತ್ರ, ಇಷ್ಟನ್ನಾದರೂ ಕೇಳುತ್ತಾರೆ. ಕ್ರಯಪತ್ರ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದವೂ ಬೇಕಾಗುತ್ತದೆ. ಅದನ್ನು ಈಗಲೇ ಮಾಡಿಸಿಡಿ. ನಮ್ಮ ಕಡೆ ಸೈಟ್ ವ್ಯವಹಾರ ಹೇಗೆ ನಡೆಯುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಕ್ರಯಪತ್ರದಲ್ಲಿ ಕಾಣದ ಹಣವನ್ನು ಇಲ್ಲಿ ತೋರಿಸಲು ದಾರಿಯೇ ಇಲ್ಲ. ಚಿಕ್ಕಪ್ಪ, ಭಾವ ಅಂತ ನಾಲ್ಕು ಖಾತೆಗಳಿಂದ ತುಂಡು ತುಂಡಾಗಿ ಕಳಿಸಿದರೆ ನಾಲ್ಕು ಜನರ ದಾಖಲೆ ಕೇಳುತ್ತಾರೆ. ತಂದೆ ತಮ್ಮ ಒಂದೇ ಖಾತೆಯಿಂದ, ಎಲ್‌ಆರ್‌ಎಸ್ (ಭಾರತದಿಂದ ಹೊರಗೆ ಹಣ ಕಳಿಸಲು ರಿಸರ್ವ್ ಬ್ಯಾಂಕಿನ ಯೋಜನೆ) ಅಡಿಯಲ್ಲಿ ಬ್ಯಾಂಕ್ ಮೂಲಕ ಕಳಿಸಲಿ. ಅದರ ಮಿತಿ ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2.5 ಲಕ್ಷ ಡಾಲರ್. ಸಾಲ ಕೊಡುವ ಬ್ಯಾಂಕಿಗೂ ಈ ಗಿಫ್ಟ್ ವಿಷಯ ಮೊದಲೇ ತಿಳಿಸಿ.

ಇದರಷ್ಟೇ ಗಮನ ಬೇಕಾದದ್ದು ಸ್ಟ್ಯಾಂಪ್ ಡ್ಯೂಟಿ. ಇಲ್ಲಿ 'ಮೊದಲ ಸಲ ಕೊಳ್ಳುವವರು' ಅಂದರೆ ಜಗತ್ತಿನಲ್ಲಿ ಎಲ್ಲೂ ಮನೆಯ ಒಡೆತನ ಇಲ್ಲದವರು, ಹಿಂದೆಯೂ ಇರದವರು. ಪಿತ್ರಾರ್ಜಿತವಾಗಿ ಬಂದ ಪಾಲೂ ಲೆಕ್ಕಕ್ಕೆ ಬರುತ್ತದೆ. 2025ರ ಏಪ್ರಿಲ್ 1ರಿಂದ ಇರುವ ದರದಲ್ಲಿ ನಿಮ್ಮ ಫ್ಲ್ಯಾಟಿಗೆ ಮೊದಲ ಸಲ ಕೊಳ್ಳುವವರ ರಿಯಾಯಿತಿ ಸಿಕ್ಕರೆ 2,000 ಪೌಂಡ್. ಸಿಗದಿದ್ದರೆ 7,000. ನಿಮಗೋ ನಿಮ್ಮ ಗಂಡ ಅಥವಾ ಹೆಂಡತಿಗೋ ಊರಲ್ಲಿ ಈಗಲೂ ಮನೆಯಿದ್ದು, ಆ ಪಾಲಿನ ಬೆಲೆ 40,000 ಪೌಂಡ್ ಅಥವಾ ಹೆಚ್ಚಿದ್ದರೆ ಸಾಮಾನ್ಯವಾಗಿ ಇಡೀ ಬೆಲೆಯ ಮೇಲೆ 5% ಹೆಚ್ಚುವರಿ ಬೀಳುತ್ತದೆ, ಒಟ್ಟು 24,000. ಖಾಲಿ ಸೈಟ್ ಮನೆಯಲ್ಲ, ಅದರ ಚಿಂತೆ ಬೇಡ. ಆದರೆ ಬೆಂಗಳೂರಿನಲ್ಲಿ ನಿಮ್ಮ ಹೆಸರೂ ಸೇರಿಸಿ ಕೊಂಡ ಅಪಾರ್ಟ್‌ಮೆಂಟ್ ಇದೆಯಾ? ಅಜ್ಜ ಬಿಟ್ಟುಹೋದ ಮನೆ ಇನ್ನೂ ಭಾಗವಾಗಿಲ್ಲವಾ? ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕಿರುತ್ತದೆ, ಹೆಣ್ಣುಮಕ್ಕಳಿಗೂ. 'ನನ್ನ ಹೆಸರಲ್ಲಿ ಖಾತೆ ಇಲ್ಲ' ಅಂದುಕೊಂಡು ಫಾರ್ಮ್ ತುಂಬಬೇಡಿ. ಇದನ್ನು ಮೊದಲ ದಿನವೇ ಸಾಲಿಸಿಟರ್‌ಗೆ ಬರೆದು ತಿಳಿಸಿ. ತೆರಿಗೆ ಸಲಹೆ ನಮ್ಮ ಕೆಲಸವಲ್ಲ ಅಂದರೆ, ತೆರಿಗೆ ಸಲಹೆಗಾರರ ಹತ್ತಿರ ಒಮ್ಮೆ ದುಡ್ಡು ಕೊಟ್ಟಾದರೂ ಕೇಳಿ. 22,000 ಪೌಂಡಿನ ವ್ಯತ್ಯಾಸ ಅಲ್ವಾ?

ಲೀಸಿನಲ್ಲಿ ಎಷ್ಟು ವರ್ಷ ಉಳಿದಿದೆ ಅಂತ ನೀವು ಬರೆದಿಲ್ಲ. 80ಕ್ಕಿಂತ ಕೆಳಗೆ ಇಳಿದರೆ ವಿಸ್ತರಿಸುವ ಖರ್ಚು ಏರುತ್ತದೆ. ಆ ನಿಯಮ ತೆಗೆಯಲೆಂದು 2024ರಲ್ಲಿ ಕಾಯ್ದೆ ಬಂದಿದೆ, ಆ ಭಾಗ ಜಾರಿಯಾಗಿದೆಯೇ ಅಂತ ಕೇಳಿ. 90ರ ಆಸುಪಾಸು ಇದ್ದರೆ ಬೆಲೆ ಚೌಕಾಸಿ ಮಾಡಿ. ಜಾಗದ ಒಡೆಯರಿಗೆ ಕಟ್ಟುವ ಗ್ರೌಂಡ್ ರೆಂಟ್ ಎಷ್ಟು, ಎಷ್ಟು ವರ್ಷಕ್ಕೊಮ್ಮೆ ಏರುತ್ತದೆ, ಕಟ್ಟಡದ ನಿರ್ವಹಣೆಗೆ ಕಟ್ಟುವ ಸರ್ವಿಸ್ ಚಾರ್ಜಿನ ಹಿಂದಿನ 3 ವರ್ಷದ ಲೆಕ್ಕ, ಸದ್ಯದಲ್ಲೇ ದೊಡ್ಡ ರಿಪೇರಿ ಇದೆಯೇ, ಇವಿಷ್ಟನ್ನೂ ತರಿಸಿಕೊಳ್ಳಿ. ಕಟ್ಟಡ ಎತ್ತರದ್ದಾದರೆ ಹೊರಗೋಡೆಯ ಕ್ಲ್ಯಾಡಿಂಗ್ (ಹೊದಿಕೆ) ಬೆಂಕಿಗೆ ಸುರಕ್ಷಿತವೇ ಅಂತಲೂ ಕೇಳಿ.

ಒಳಗೆ ಗೋಡೆ ಒಡೆದಿದ್ದು ಅನುಮತಿ ಪತ್ರ ಇಲ್ಲದಿದ್ದರೆ ಮಾರುವವರು ಇಂಡೆಮ್ನಿಟಿ ವಿಮೆ (ಆ ಕೊರತೆಯಿಂದಾಗುವ ನಷ್ಟ ತುಂಬುವ ವಿಮೆ) ಕೊಡುತ್ತೇವೆ ಅನ್ನುತ್ತಾರೆ. ಅವಸರಪಟ್ಟು ನೀವೇ ಕೌನ್ಸಿಲ್‌ಗೆ (ಇಲ್ಲಿನ ಸ್ಥಳೀಯ ಆಡಳಿತ) ಫೋನ್ ಮಾಡಿ ವಿಚಾರಿಸಬೇಡಿ. ಕೌನ್ಸಿಲ್‌ಗೆ ಒಮ್ಮೆ ತಿಳಿದರೆ ಆ ವಿಮೆ ಸಿಗದೆ ಹೋಗಬಹುದು. ಮೊದಲು ಸಾಲಿಸಿಟರ್‌ನ ಕೇಳಿ. ಆ ವಿಮೆ ಕಾಗದದ ಕೊರತೆಗೆ ಮಾತ್ರ, ಗೋಡೆ ಗಟ್ಟಿ ಇದೆಯೇ ಅನ್ನುವುದಕ್ಕಲ್ಲ. ಅದಕ್ಕೆ ಕಟ್ಟಡದ ಸ್ಥಿತಿ ಪರೀಕ್ಷಿಸುವ ಸರ್ವೇಯರ್ ಬೇಕು. ಬ್ಯಾಂಕ್ ಮಾಡಿಸುವ ವ್ಯಾಲ್ಯುಯೇಷನ್ ಸರ್ವೇ ಅಲ್ಲ.

ಊರಲ್ಲಿ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡಿದರೆ ಮಾತು ನಿಂತಿತು ಅಂತ ಲೆಕ್ಕ. ಇಲ್ಲಿ ಆಫರ್ ಒಪ್ಪಿದರೂ ಯಾರೂ ಯಾರಿಗೂ ಕಟ್ಟುಬಿದ್ದಿಲ್ಲ. ಎರಡೂ ಕಡೆಯವರು ಸಹಿ ಹಾಕಿದ ಕಾಂಟ್ರ್ಯಾಕ್ಟ್ ಎಕ್ಸ್‌ಚೇಂಜ್ ಆಗುವ ತನಕ ಮಾಲೀಕರು ಇನ್ನೊಬ್ಬರಿಗೆ ಮಾರಬಹುದು, ನೀವೂ ಬಿಟ್ಟು ಹೋಗಬಹುದು. ಎಕ್ಸ್‌ಚೇಂಜ್ ದಿನ ಸಾಮಾನ್ಯವಾಗಿ 10% ಕಟ್ಟುತ್ತೀರಿ. ಆಮೇಲೆ ಹಿಂದೆ ಸರಿದರೆ ಅದು ಹೋಯಿತು. ಎಕ್ಸ್‌ಚೇಂಜ್ ಆಗುವ ಮುಂಚೆ ಬಾಡಿಗೆ ಮನೆಗೆ ನೋಟಿಸ್ ಕೊಡಬೇಡಿ.

ಹಣ ಕಟ್ಟುವ ಹೊತ್ತಿಗೆ 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ' ಅಂತ ಸಾಲಿಸಿಟರ್ ಹೆಸರಲ್ಲಿ ಇಮೇಲ್ ಬಂದರೆ ನಂಬಬೇಡಿ. ಇಮೇಲ್‌ಗೆ ಕನ್ನ ಹಾಕಿದವರು ಕಾದು ಕೂತಿರುವುದು ಇದಕ್ಕೇ. ಖಾತೆ ನಂಬರನ್ನು ಮೊದಲ ಭೇಟಿಯಲ್ಲೇ ಕಾಗದದಲ್ಲಿ ಬರೆಸಿಕೊಳ್ಳಿ. ಕಳಿಸುವ ಮುಂಚೆ ಆಫೀಸಿನ ನಂಬರಿಗೆ, ಇಮೇಲ್‌ನಲ್ಲಿರುವ ನಂಬರಿಗಲ್ಲ, ಫೋನ್ ಮಾಡಿ ಓದಿ ಹೇಳಿಸಿ.