ಊರಲ್ಲೇ ನಡೆದು ಕಾರವಾರ ಮುಟ್ಟುವುದು ಹೇಗೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ತಮ್ಮ ತಮ್ಮ ಊರಿನಲ್ಲೇ ನಡೆದ ದೂರವನ್ನು ಕೂಡಿಸಿ, ನಕ್ಷೆಯ ಮೇಲಿನ ಒಂದು ದಾರಿಯಲ್ಲಿ ಗುರುತು ಹಾಕುತ್ತ ಸಾಗುವ ಗುಂಪು ನಡಿಗೆಯ ಬಗ್ಗೆ ಈ ಬಾರಿ ಹೆಚ್ಚು ಪತ್ರಗಳು ಬಂದಿವೆ. ಒಂದೇ ಬಗೆಯವನ್ನು ಒಟ್ಟು ಮಾಡಿ ಉತ್ತರಿಸಿದ್ದೇವೆ.

ನಮ್ಮ ಬಡಾವಣೆಯ 12 ಜನ ಮಂಗಳೂರಿನಿಂದ ಕಾರವಾರಕ್ಕೆ ‘ನಡೆಯಲು’ ಹೊರಟಿದ್ದೇವೆ. ಮೂರು ತಿಂಗಳ ಅವಧಿ ಸಾಕೇ? – ಗೃಹಿಣಿ, ಹಾಸನ

ಎಲ್ಲರ ದೂರವನ್ನೂ ಒಂದೇ ಹುಂಡಿಗೆ ಹಾಕುತ್ತೀರೋ, ಅಥವಾ ಒಬ್ಬೊಬ್ಬರೂ ಇಡೀ ದಾರಿಯನ್ನು ತಾವೇ ಮುಗಿಸಬೇಕೋ? ಇದು ಮೊದಲು ಇತ್ಯರ್ಥವಾಗಲಿ. ಹೊಸ ಗುಂಪುಗಳು ಎಡವುವುದು ಇಲ್ಲೇ.

ಮಂಗಳೂರಿನಿಂದ ಕಾರವಾರಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 270 ಕಿ.ಮೀ. ಒಬ್ಬರು ದಿನಕ್ಕೆ 4 ಕಿ.ಮೀ.ನಂತೆ ವಾರದಲ್ಲಿ ಐದು ದಿನ ನಡೆದರೆ 20 ಕಿ.ಮೀ. ಆಯಿತು. ಒಬ್ಬೊಬ್ಬರೂ ಪೂರ್ತಿ ನಡೆಯುವುದಾದರೆ ಹದಿಮೂರೂವರೆ ವಾರ ಬೇಕು. ನಿಮ್ಮ ಮೂರು ತಿಂಗಳು ಸ್ವಲ್ಪ ಬಿಗಿಯಾಯಿತು, ಹದಿನೈದು ವಾರ ಇಟ್ಟುಕೊಳ್ಳಿ. ಆದರೆ 12 ಜನರದ್ದನ್ನೂ ಕೂಡಿಸಿದರೆ ವಾರಕ್ಕೆ 240 ಕಿ.ಮೀ. ಆಗುತ್ತದೆ. ಎಂಟೊಂಬತ್ತು ದಿನದಲ್ಲೇ ಕಾರವಾರ ಬಂದುಬಿಡುತ್ತದೆ, ನಡಿಗೆ ರೂಢಿಯಾಗುವ ಮೊದಲೇ ಆಟ ಮುಗಿಯುತ್ತದೆ.

ಹುಂಡಿ ಪದ್ಧತಿಯೇ ಒಳ್ಳೆಯದು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ದಿನಕ್ಕೆ ಒಂದೇ ಕಿ.ಮೀ. ನಡೆಯುವವರ ಹೆಜ್ಜೆಯೂ ಗುಂಪನ್ನು ಮುಂದಕ್ಕೆ ಒಯ್ಯುತ್ತದೆ. ಅದಕ್ಕೆ ತಕ್ಕ ಉದ್ದದ ದಾರಿ ಮಾತ್ರ ಬೇಕು. ಅದೇ ಹೆದ್ದಾರಿ 66 ಮಹಾರಾಷ್ಟ್ರದ ಪನ್ವೇಲ್‌ನಿಂದ ಹೊರಟು ಗೋವಾ, ನಮ್ಮ ಕರಾವಳಿ, ಕೇರಳ ಹಾದು ಕನ್ಯಾಕುಮಾರಿಯವರೆಗೆ ಸುಮಾರು 1,600 ಕಿ.ಮೀ. ಇದೆ. ವಾರಕ್ಕೆ 240ರ ಲೆಕ್ಕದಲ್ಲಿ ಏಳು ವಾರಕ್ಕೆ ಸ್ವಲ್ಪ ಕಡಿಮೆ. ಜ್ವರ, ಮದುವೆ, ಪರೀಕ್ಷೆ ಎಂದು ಯಾರಾದರೂ ಬಿಡುವು ತೆಗೆದುಕೊಳ್ಳುವುದು ಇದ್ದದ್ದೇ, ಆದ್ದರಿಂದ ಒಂಬತ್ತು ವಾರ ಎಂದು ಘೋಷಿಸಿ.

ದೂರ ಅಳೆಯುವಾಗ ನಕ್ಷೆಯಲ್ಲಿ ಎರಡು ಊರಿನ ನಡುವೆ ನೇರ ಗೆರೆ ಎಳೆಯಬೇಡಿ, ರಸ್ತೆಯ ದೂರಕ್ಕಿಂತ ಬಹಳ ಕಡಿಮೆ ಬರುತ್ತದೆ. ಗೂಗಲ್ ಮ್ಯಾಪ್ಸ್‌ನಲ್ಲಿ ಕಾರಿನ ದಾರಿಯನ್ನೇ ಆರಿಸಿ, ಊರಿಂದೂರಿಗೆ ತುಂಡು ತುಂಡಾಗಿ ಅಳೆದು ಬರೆದಿಟ್ಟುಕೊಳ್ಳಿ. ಬೈಪಾಸ್ ಆದಲ್ಲೆಲ್ಲ ಒಂದೆರಡು ಕಿ.ಮೀ. ವ್ಯತ್ಯಾಸ ಬರುತ್ತದೆ. ಶುರುವಿನ ದಿನ ಒಪ್ಪಿದ ಅಂಕಿಯನ್ನು ಆಮೇಲೆ ಮುಟ್ಟದಿದ್ದರೆ ಸಾಕು.

ಒಂದೇ ಪಾರ್ಕಿನಲ್ಲಿ ಜೊತೆಜೊತೆಗೆ ನಡೆದರೂ ನನ್ನ ಫೋನು 3.6 ತೋರಿಸುತ್ತದೆ, ಗೆಳತಿಯದು 4.2. ಯಾವುದು ಸರಿ? – ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಇಬ್ಬರ ಫೋನೂ ಹೆಜ್ಜೆಯನ್ನು ಸರಿಯಾಗಿಯೇ ಎಣಿಸಿರಬಹುದು, ಹೆಜ್ಜೆಯ ಉದ್ದದ ಅಂದಾಜು ಬೇರೆ ಇರಬಹುದು. ಫೋನಿನೊಳಗಿನ ಸಂವೇದಕ ಅಲುಗಾಟವನ್ನು ಗುರುತಿಸಿ ಹೆಜ್ಜೆ ಎಣಿಸುತ್ತದೆ. ಜಿಪಿಎಸ್ ಹಾಕಿರದಿದ್ದರೆ ನೀವು ಕೊಟ್ಟ ಎತ್ತರದಿಂದ ಹೆಜ್ಜೆಯ ಉದ್ದವನ್ನು ಊಹಿಸಿ ಗುಣಿಸುತ್ತದೆ. 6,000 ಹೆಜ್ಜೆಯನ್ನು 60 ಸೆಂ.ಮೀ. ಲೆಕ್ಕದಲ್ಲಿ ಗುಣಿಸಿದರೆ 3.6 ಕಿ.ಮೀ., 70ರ ಲೆಕ್ಕದಲ್ಲಿ 4.2. ಆ್ಯಪ್ ಹಾಕಿಕೊಂಡ ದಿನ ಎತ್ತರ ತುಂಬದೆ ಬಿಟ್ಟವರ ಲೆಕ್ಕ ಕೊನೆಯವರೆಗೂ ತಪ್ಪುತ್ತಲೇ ಇರುತ್ತದೆ.

ಪರಿಹಾರ ಸುಲಭ. ಕ್ರೀಡಾಂಗಣದ 400 ಮೀಟರ್ ಟ್ರ್ಯಾಕ್ ಹತ್ತಿರದಲ್ಲಿದ್ದರೆ ಎಲ್ಲರೂ ಒಂದು ಬೆಳಗ್ಗೆ ಹೋಗಿ, ತೀರಾ ಒಳಗಿನ ಪಟ್ಟಿಯಲ್ಲಿ ಒಂದು ಸುತ್ತು ಮಾಮೂಲು ವೇಗದಲ್ಲಿ ನಡೆದು ಹೆಜ್ಜೆ ಎಣಿಸಿ. 620 ಹೆಜ್ಜೆ ಬಂದರೆ ಹೆಜ್ಜೆಯ ಉದ್ದ ಸುಮಾರು 64.5 ಸೆಂ.ಮೀ., ಅಂದರೆ ಕಿ.ಮೀ.ಗೆ 1,550 ಹೆಜ್ಜೆ. ಟ್ರ್ಯಾಕ್ ಇಲ್ಲದಿದ್ದರೆ ಮೇಸ್ತ್ರಿಯ ಟೇಪು ಸಾಕು. ನಾಲ್ಕೈದು ಹೆಜ್ಜೆ ಮೊದಲೇ ಹೊರಟು ವೇಗ ಹಿಡಿದ ಮೇಲೆ ಗುರುತು ಹಾಕಿ, ಅಲ್ಲಿಂದ 20 ಹೆಜ್ಜೆ ಆದಲ್ಲಿ ಇನ್ನೊಂದು ಗುರುತು ಹಾಕಿ. 13 ಮೀಟರ್ ಬಂದರೆ 65 ಸೆಂ.ಮೀ. ಒಂದೊಂದು ಹೆಜ್ಜೆ ಎಂದರೆ ಒಂದು ಪಾದ ಊರಿದ್ದು ಎಂದು ಗುಂಪಿನಲ್ಲಿ ಮೊದಲೇ ಹೇಳಿ. ಬಲಗಾಲನ್ನು ಮಾತ್ರ ಎಣಿಸಿ ಅರ್ಧ ಸಂಖ್ಯೆ ಕೊಡುವವರು ಇರುತ್ತಾರೆ.

ಈ ಅಂಕಿಯನ್ನು ಪಟ್ಟಿಯಲ್ಲಿ ಹೆಸರಿನ ಮುಂದೆ ಬರೆದಿಟ್ಟರೆ, ಅವರು ಹೆಜ್ಜೆ ಕಳಿಸಿದರೂ ಕಿ.ಮೀ. ತಾನಾಗಿ ಬರುತ್ತದೆ.

ಎಣಿಕೆಯೇ ತಪ್ಪುವ ಸಂದರ್ಭಗಳೂ ಇವೆ. ಮನೆಯಲ್ಲಿ ಫೋನನ್ನು ಮೇಜಿನ ಮೇಲಿಟ್ಟು ಓಡಾಡಿದರೆ ಏನೂ ದಾಖಲಾಗದು. ಕೈಗೆ ವಾಚು ಕಟ್ಟಿ ಮಗುವಿನ ಗಾಡಿಯನ್ನೋ ಅಂಗಡಿಯ ಟ್ರಾಲಿಯನ್ನೋ ತಳ್ಳಿದರೆ ಕೈ ಬೀಸದ ಕಾರಣ ಕಡಿಮೆ ಬರುತ್ತದೆ. ಗುಂಡಿ ಬಿದ್ದ ರಸ್ತೆಯಲ್ಲಿ ಸ್ಕೂಟರ್ ಓಡಿಸಿದರೆ ಹೆಚ್ಚೂ ಬರಬಹುದು. ಆಂಡ್ರಾಯ್ಡ್ ಫೋನಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಎಣಿಕೆ ನಿಂತುಹೋಗುತ್ತಿದ್ದರೆ ಬ್ಯಾಟರಿ ಉಳಿತಾಯದ ಸೆಟ್ಟಿಂಗ್ ಆ್ಯಪನ್ನು ಮಲಗಿಸುತ್ತಿದೆ ಎಂದರ್ಥ. ಆ ಆ್ಯಪ್‌ಗೆ ಮಾತ್ರ ನಿರ್ಬಂಧ ತೆಗೆದುಬಿಡಿ, ಶಾರೀರಿಕ ಚಟುವಟಿಕೆಯ ಅನುಮತಿ ಕೊಟ್ಟಿದೆಯೇ ಎಂದೂ ನೋಡಿ. ಫೋನು, ವಾಚು ಎರಡೂ ಇದ್ದವರು ಎರಡನ್ನೂ ಕೂಡಿಸಬಾರದು, ಒಂದನ್ನೇ ಹಿಡಿದುಕೊಳ್ಳಬೇಕು.

ದಿನವಿಡೀ ಬಿದ್ದ ಹೆಜ್ಜೆಯೆಲ್ಲ ಸೇರಬೇಕೋ, ನಡೆಯಲೆಂದೇ ಹೊರಟದ್ದು ಮಾತ್ರವೋ ಎಂಬುದೂ ಮೊದಲೇ ತೀರ್ಮಾನವಾಗಬೇಕು. ಅಡುಗೆಮನೆ, ಅಂಗಳ, ಹೊಲದಲ್ಲಿ ದಿನವೆಲ್ಲ ಓಡಾಡುವ ಹೆಣ್ಣುಮಕ್ಕಳು ಗುಂಪಿನಲ್ಲಿದ್ದರೆ ಎಲ್ಲವನ್ನೂ ಸೇರಿಸುವುದೇ ನ್ಯಾಯ.

ನಮ್ಮ ಗುಂಪಿನಲ್ಲಿ ಅಮೆರಿಕ, ದುಬೈನಲ್ಲಿರುವ ಸಂಬಂಧಿಕರೂ ಇದ್ದಾರೆ. ಗೂಗಲ್ ಶೀಟ್‌ನಲ್ಲಿ ಮೊತ್ತ ಒಮ್ಮೆಯೂ ಸರಿಹೋಗುತ್ತಿಲ್ಲ. – ಎಂಜಿನಿಯರಿಂಗ್ ವಿದ್ಯಾರ್ಥಿ, ಶಿರಸಿ

ಹೆಚ್ಚಾಗಿ ನಾಲ್ಕು ಕಡೆ ಕೆಡುತ್ತದೆ. ಮೊದಲನೆಯದು ಮೈಲಿ. ಅಮೆರಿಕದವರ ಆ್ಯಪ್ ಮೈಲಿಯಲ್ಲೇ ತೋರಿಸುತ್ತದೆ. ಅವರು 3 ಎಂದು ತುಂಬಿದರೆ ಅದು 4.83 ಕಿ.ಮೀ. ಆಗಬೇಕು, ಶೀಟ್ ಮೂರೇ ಹಿಡಿಯುತ್ತದೆ. ಮಾನದ ಹೆಸರಿಗೊಂದು ಕಾಲಂ ಇಟ್ಟು, ಮೈಲಿ ಎಂದಿದ್ದರೆ 1.609ರಿಂದ ಗುಣಿಸುವಂತೆ ಸೂತ್ರ ಹಾಕಿ.

ಎರಡನೆಯದು, ಅಂಕಿಯ ಜೊತೆ ಅಕ್ಷರ. ‘4.5 ಕಿ.ಮೀ.’ ಎಂದು ಟೈಪಿಸಿದರೆ ಶೀಟ್ ಅದನ್ನು ಪದವೆಂದು ತಿಳಿದು ಮೊತ್ತದಿಂದ ಬಿಟ್ಟುಬಿಡುತ್ತದೆ, ತಪ್ಪಾಗಿದೆ ಎಂದು ಹೇಳುವುದೂ ಇಲ್ಲ. ಆದ್ದರಿಂದ ಶೀಟನ್ನು ಯಾರ ಕೈಗೂ ನೇರವಾಗಿ ಕೊಡದೆ ಗೂಗಲ್ ಫಾರ್ಮ್ ಮೂಲಕ ತುಂಬಿಸಿ. ದೂರದ ಪ್ರಶ್ನೆಗೆ ಸಂಖ್ಯೆ ಮಾತ್ರ ಒಪ್ಪುವಂತೆ ನಿಯಮ ಹಾಕಬಹುದು. ಹೆಸರನ್ನು ಟೈಪಿಸಲು ಬಿಡದೆ ಪಟ್ಟಿಯಿಂದ ಆರಿಸುವಂತೆ ಮಾಡಿ. ಒಮ್ಮೆ ‘ಸುಮ’, ಮತ್ತೊಮ್ಮೆ ‘ಸುಮಾ’ ಆದರೆ ಶೀಟ್‌ಗೆ ಇಬ್ಬರು ಬೇರೆ ಬೇರೆ.

ಮೂರನೆಯದು ತಾರೀಖು. ಶೀಟಿನ ಸೆಟ್ಟಿಂಗ್ಸ್‌ನಲ್ಲಿ ದೇಶ ಅಮೆರಿಕ ಎಂದಿದ್ದರೆ 3/4 ಎಂಬುದು ಏಪ್ರಿಲ್ 3ರ ಬದಲು ಮಾರ್ಚ್ 4 ಆಗಿಬಿಡುತ್ತದೆ, ವಾರದ ಮೊತ್ತ ಚೆದುರಿಹೋಗುತ್ತದೆ. ದೇಶವನ್ನು ಭಾರತಕ್ಕೆ ಬದಲಿಸಿ.

ಕೊನೆಯದು ಗಡುವು. ಭಾನುವಾರ ರಾತ್ರಿ 12ಕ್ಕೆ ಮುಚ್ಚುತ್ತೀರಿ, ಆಗ ಕ್ಯಾಲಿಫೋರ್ನಿಯಾದವರಿಗೆ ಇನ್ನೂ ಭಾನುವಾರದ ಬೆಳಗ್ಗೆ. ಅವರ ಭಾನುವಾರ ಮುಗಿಯುವುದು ನಮ್ಮ ಸೋಮವಾರ ಮಧ್ಯಾಹ್ನ ಹನ್ನೆರಡೂವರೆಗೆ, ಚಳಿಗಾಲದಲ್ಲಿ ಒಂದೂವರೆಗೆ. ಪ್ರತಿಯೊಬ್ಬರೂ ತಮ್ಮೂರಿನ ಗಡಿಯಾರದ ಸೋಮವಾರದಿಂದ ಭಾನುವಾರದವರೆಗೆ ಲೆಕ್ಕ ಹಿಡಿಯಲಿ, ಪಟ್ಟಿಯನ್ನು ಸೋಮವಾರ ಸಂಜೆ ಆರಕ್ಕೆ ಮುಚ್ಚಿ. ದಿನದಿನವೂ ತುಂಬಿಸುವ ಪದ್ಧತಿಗಿಂತ ವಾರಕ್ಕೊಮ್ಮೆ ಎಂಬುದು ಹೆಚ್ಚು ಕಾಲ ಬಾಳುತ್ತದೆ.

ಮಳೆಗಾಲದಲ್ಲಿ ಟ್ರೆಡ್‌ಮಿಲ್ ಲೆಕ್ಕಕ್ಕೆ ಬರುತ್ತದೆಯೇ? – ಓದುಗರು, ತೀರ್ಥಹಳ್ಳಿ

ಖಂಡಿತ. ಯಂತ್ರದ ಮೇಲೆ ಬರುವ ದೂರವನ್ನೇ ಬರೆಯಿರಿ. ಒಳಗಿದ್ದಾಗ ಜಿಪಿಎಸ್ ಪ್ರಯೋಜನಕ್ಕೆ ಬಾರದು, ಹಿಡಿಕೆ ಹಿಡಿದು ನಡೆದರೆ ವಾಚು ಕಡಿಮೆ ಎಣಿಸುತ್ತದೆ.

ತಂದೆಗೆ 72 ವರ್ಷ, ಮೊಣಕಾಲು ನೋವು. ಕುರ್ಚಿಯ ಮೇಲೆ ಕೂತು ವ್ಯಾಯಾಮ ಮಾಡುತ್ತಾರೆ. ಅವರನ್ನೂ ಸೇರಿಸಿಕೊಳ್ಳುವ ದಾರಿ ಇದೆಯೇ? – ಶಿಕ್ಷಕಿ, ಮೈಸೂರು

ಇದೆ, ಮತ್ತು ಪ್ರತಿ ಗುಂಪೂ ಮೊದಲ ದಿನವೇ ಇದನ್ನು ನಿಯಮದಲ್ಲಿ ಬರೆದಿಡಬೇಕು. 15 ನಿಮಿಷದ ಯಾವುದೇ ವ್ಯಾಯಾಮಕ್ಕೆ 1 ಕಿ.ಮೀ. ಗಂಟೆಗೆ 4 ಕಿ.ಮೀ. ನಡೆಯುವವರಿಗೆ ಒಂದು ಕಿ.ಮೀ.ಗೆ ಹಿಡಿಯುವ ಸಮಯ ಅಷ್ಟೇ. ತುಸು ಚುರುಕಾದ ನಡಿಗೆಯಲ್ಲಿ ನಿಮಿಷಕ್ಕೆ ಸುಮಾರು 100 ಹೆಜ್ಜೆ, 15 ನಿಮಿಷಕ್ಕೆ 1,500 ಹೆಜ್ಜೆ, ಅದೂ ಹತ್ತಿರಹತ್ತಿರ ಒಂದು ಕಿ.ಮೀ.ಯೇ. ಈಜು, ಯೋಗ, ಗಾಲಿಕುರ್ಚಿ ತಳ್ಳಿಕೊಂಡು ಹೋಗುವುದು, ಕುರ್ಚಿಯ ಮೇಲಿನ ವ್ಯಾಯಾಮ ಎಲ್ಲಕ್ಕೂ ಇದೇ ಲೆಕ್ಕ. ಸೈಕಲ್ ತುಳಿದವರ ದೂರವನ್ನು ಮಾತ್ರ ನೇರವಾಗಿ ಸೇರಿಸಬೇಡಿ, ಅವರಿಗೂ ನಿಮಿಷದ ಲೆಕ್ಕವೇ ಇರಲಿ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ. ನಮ್ಮ ಲೆಕ್ಕದಲ್ಲಿ ಅದು ವಾರಕ್ಕೆ 10ರಿಂದ 20 ಕಿ.ಮೀ. ಗುಂಪಿನ ಗುರಿ ಇದರೊಳಗೇ ಇದ್ದರೆ ಯಾರಿಗೂ ಹೊರೆಯಾಗದು. ಬಹಳ ದಿನ ಕೂತೇ ಇದ್ದವರು ಮೊದಲ ವಾರ ಎಷ್ಟು ಸುಲಭವೋ ಅಷ್ಟೇ ನಡೆದು, ಆಮೇಲೆ ವಾರವಾರಕ್ಕೆ ಹತ್ತರಲ್ಲೊಂದು ಪಾಲು ಏರಿಸಲಿ. ವಾರವೆಲ್ಲ ಬಿಟ್ಟು ಭಾನುವಾರ ಒಮ್ಮೆಲೇ 20 ಕಿ.ಮೀ. ನಡೆದು ಬಾಕಿ ತೀರಿಸಲು ಹೋಗುವವರಿಗೇ ಹಿಮ್ಮಡಿ, ಮೊಣಕಾಲು ಹಿಡಿದುಕೊಳ್ಳುವುದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ನಡಿಗೆ ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಲೇಬೇಕು, ಜೇಬಿನಲ್ಲಿ ಗ್ಲೂಕೋಸ್ ಇಟ್ಟುಕೊಂಡಿರಬೇಕು. ಎದೆ ಬಿಗಿತ, ತಲೆ ಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು.

ಪ್ರತಿ ವಾರ ಮೊದಲ ಮೂರು ಸ್ಥಾನದವರ ಹೆಸರು ಹಾಕುತ್ತಿದ್ದೆವು. ನಾಲ್ಕನೇ ವಾರಕ್ಕೆ ಅರ್ಧ ಜನ ಲೆಕ್ಕ ಕಳಿಸುವುದನ್ನೇ ಬಿಟ್ಟರು. – ಕಚೇರಿ ಗುಂಪಿನ ಸಂಚಾಲಕರು, ಬೆಂಗಳೂರು

ಆ ಪಟ್ಟಿಯನ್ನು ಇಂದೇ ನಿಲ್ಲಿಸಿ. ದಿನಕ್ಕೆ 2 ಕಿ.ಮೀ. ನಡೆಯುವವರು ತಮ್ಮ ಹೆಸರನ್ನು 12 ಕಿ.ಮೀ. ಓಡುವವರ ಕೆಳಗೆ ಎಷ್ಟು ವಾರ ನೋಡಿಯಾರು? ತಮ್ಮಿಂದ ಏನೂ ಆಗದು ಎನ್ನಿಸಿದ ಮೇಲೆ ಲೆಕ್ಕ ಕಳಿಸುವುದು ಬಿಡುತ್ತಾರೆ, ಮರುವಾರ ನಡೆಯುವುದನ್ನೂ ಬಿಡುತ್ತಾರೆ. ಯಾರಿಗಾಗಿ ಇದನ್ನು ಶುರುಮಾಡಿದಿರೋ ಅವರೇ ಹೀಗೆ ಕಳಚಿಕೊಳ್ಳುವುದು ನಿಜವಾದ ನಷ್ಟ.

ಬದಲಿಗೆ ಮೂರೇ ಅಂಕಿ ಪ್ರಕಟಿಸಿ: ಈ ವಾರ ಗುಂಪು ಸಾಗಿದ ದೂರ, ಲೆಕ್ಕ ಕಳಿಸಿದವರ ಸಂಖ್ಯೆ, ಮುಂದಿನ ಊರಿಗೆ ಉಳಿದ ದೂರ. ಒಬ್ಬರ ಹೆಸರಿನಲ್ಲಿ ದಿನಕ್ಕೆ 10 ಕಿ.ಮೀ.ಗಿಂತ ಹೆಚ್ಚು ಹುಂಡಿಗೆ ಬೀಳದಂತೆ ಮಿತಿಯನ್ನೂ ಹಾಕಿ. ಇಲ್ಲವಾದರೆ ಇಬ್ಬರು ಮ್ಯಾರಥಾನ್ ಓಟಗಾರರೇ ದಾರಿಯ ಅರ್ಧ ಮುಗಿಸುತ್ತಾರೆ. ಈ ಮಿತಿ ಇದ್ದರೆ ಸುಳ್ಳು ಲೆಕ್ಕದ ತಂಟೆಯೂ ತಾನಾಗಿ ಇಳಿಯುತ್ತದೆ. ಸ್ಥಾನವಿಲ್ಲದ ಕಡೆ ಸುಳ್ಳು ಹೇಳಿ ಗಳಿಸುವುದೇನೂ ಉಳಿಯುವುದಿಲ್ಲ.

ನಡೆದದ್ದಕ್ಕೆ ಸಾಕ್ಷಿಯಾಗಿ ಜಿಪಿಎಸ್ ನಕ್ಷೆಯ ಸ್ಕ್ರೀನ್‌ಶಾಟ್ ಕೇಳಬಹುದೇ? – ಓದುಗರು, ಹುಬ್ಬಳ್ಳಿ

ಬೇಡ. ಆ ನಕ್ಷೆಯ ಗೆರೆ ಶುರುವಾಗುವುದು ಅವರ ಮನೆ ಬಾಗಿಲಿನಿಂದ. ದಿನವೂ ಎಷ್ಟು ಹೊತ್ತಿಗೆ ಯಾವ ರಸ್ತೆಯಲ್ಲಿ ಒಬ್ಬರೇ ಹೋಗುತ್ತಾರೆ ಎಂಬುದೂ ಅದರಲ್ಲಿರುತ್ತದೆ. ಓಟ, ಸೈಕಲ್ ಸವಾರಿ ದಾಖಲಿಸುವ ಸ್ಟ್ರಾವಾ ಆ್ಯಪ್ ತನ್ನ ಬಳಕೆದಾರರ ಜಾಡುಗಳನ್ನೆಲ್ಲ ಸೇರಿಸಿ ಪ್ರಕಟಿಸಿದ ನಕ್ಷೆಯಲ್ಲಿ ಸೇನಾ ನೆಲೆಗಳ ಒಳದಾರಿಗಳೇ ಕಾಣುತ್ತಿವೆ ಎಂದು 2018ರ ಜನವರಿಯಲ್ಲಿ ಜಗತ್ತಿಗೆ ಗೊತ್ತಾಯಿತು. ಅಂಕಿ ಮಾತ್ರ ಕಾಣುವ ಚಿತ್ರ ಸಾಕು. ನಕ್ಷೆ ಹಂಚಲೇಬೇಕು ಎನ್ನುವವರು ಆರಂಭ ಮತ್ತು ಕೊನೆಯನ್ನು ಮರೆಮಾಡುವ ಸೆಟ್ಟಿಂಗ್ ಹಾಕಿಕೊಳ್ಳಲಿ.

ಊರು ಬಂದಾಗಲೆಲ್ಲ ಗುಂಪಿಗೆ ಏನು ಕಳಿಸಬೇಕು? ಬರೀ ‘ಅಭಿನಂದನೆ’ ಎಂದರೆ ಯಾರೂ ಓದುವುದಿಲ್ಲ. – ನಿವೃತ್ತ ಗ್ರಂಥಪಾಲಕರು, ಧಾರವಾಡ

ದಾರಿ ಕಣ್ಣಿಗೆ ಕಟ್ಟಿದರೇ ಜನ ಮರುದಿನ ಚಪ್ಪಲಿ ಮೆಟ್ಟುವುದು. ನೀವು ಗ್ರಂಥಪಾಲಕರಾಗಿದ್ದವರು, ಈ ಕೆಲಸಕ್ಕೆ ನಿಮಗಿಂತ ಸೂಕ್ತರು ಸಿಗಲಾರರು. ಮಂಗಳೂರಿನಿಂದ ಹೊರಟವರಿಗೆ ಉಡುಪಿ ಸುಮಾರು 55ನೇ ಕಿ.ಮೀ., ಕುಂದಾಪುರ 92, ಭಟ್ಕಳ 140, ಹೊನ್ನಾವರ 180, ಕುಮಟಾ 200, ಅಂಕೋಲಾ 233. ಆದರೆ ಊರಿಗೊಂದೇ ಎಂದರೆ ತುಣುಕುಗಳ ನಡುವೆ ಬಹಳ ಅಂತರ ಬೀಳುತ್ತದೆ. 20–25 ಕಿ.ಮೀ.ಗೆ ಒಂದಾದರೂ ಇರಲಿ, ಒಬ್ಬೊಬ್ಬರೂ ಪೂರ್ತಿ ದಾರಿ ನಡೆಯುವ ಗುಂಪಿನಲ್ಲಿ ವಾರಕ್ಕೊಂದು ಸಿಕ್ಕಂತಾಗುತ್ತದೆ.

ಉಡುಪಿಗೆ ಮುಂಚೆ ಕಾಪುವಿನಲ್ಲಿ ಬಂಡೆಯ ಮೇಲೆ ನಿಂತ 1901ರ ದೀಪಸ್ತಂಭ ಇದೆ. ಉಡುಪಿ ದಾಟಿದರೆ ಕೋಟ, 1902ರಲ್ಲಿ ಶಿವರಾಮ ಕಾರಂತರು ಹುಟ್ಟಿದ ಊರು. ಕುಂದಾಪುರ ಕಳೆದ ಮೇಲೆ ಮರವಂತೆ. ಹೆದ್ದಾರಿಯ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ ನದಿ. ಇಡೀ ದಾರಿಯಲ್ಲಿ ಫೋಟೋ ಕಳಿಸಲೇಬೇಕಾದ ಜಾಗ ಒಂದಿದ್ದರೆ ಅದು ಇದೇ. ಹೊನ್ನಾವರದಲ್ಲಿ ಶರಾವತಿಯ ಮೇಲೆ ಎರಡು ಕಿ.ಮೀ. ಉದ್ದದ ಕೊಂಕಣ ರೈಲು ಸೇತುವೆ ಇದೆ, ಆ ವಾರ ‘ಸೇತುವೆ ದಾಟೋಣ’ ಎಂದು ಎಲ್ಲರಿಗೂ ಎರಡು ಕಿ.ಮೀ. ಹೆಚ್ಚುವರಿ ಕೊಡಬಹುದು. ಕುಮಟಾ ಬಿಟ್ಟ ಮೇಲೆ ಮಿರ್ಜಾನ್ ಕೋಟೆಯ ಕೆಂಪು ಕಲ್ಲು. ಅಂಕೋಲಾದಲ್ಲಿ 1930ರ ಉಪ್ಪಿನ ಸತ್ಯಾಗ್ರಹ. ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರಿದೆ. ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದಾಗ ತರುಣ ರವೀಂದ್ರರು ಬಂದು ಉಳಿದಿದ್ದರು.

ಒಂದು ಚಿತ್ರ, ನಾಲ್ಕು ಸಾಲು ಮೀರಬಾರದು, ಧ್ವನಿ ಸಂದೇಶವಾದರೆ ಒಂದು ನಿಮಿಷ. ಎಲ್ಲವನ್ನೂ ಶುರುವಿಗೆ ಮುಂಚೆಯೇ ಬರೆದಿಟ್ಟುಕೊಳ್ಳಿ, ಏಕೆಂದರೆ ಗುಂಪು ನಿಮ್ಮ ಎಣಿಕೆಗಿಂತ ಬೇಗ ಊರು ತಲುಪುವುದುಂಟು. ಕಾರವಾರವನ್ನು ಬೇಗ ಮುಟ್ಟಿದವರಿಗೆ ಕಾಳಿ ನದಿ ದಾಟಿಸಿ ಸದಾಶಿವಗಡದ ಮೂಲಕ ಗೋವಾ ಗಡಿಯ ಮಾಜಾಳಿಯವರೆಗೆ ದಾರಿ ಮುಂದುವರಿಸಿ, ಹಿಂದಿರುವವರು ಅಷ್ಟರಲ್ಲಿ ಬಂದು ಸೇರಿಕೊಳ್ಳುತ್ತಾರೆ.